ಫೈಲ್ ಸಿಸ್ಟಂನ ನಿರ್ವಹಣಾ ಹೊರೆ ಮತ್ತು ಬಳಕೆಗೆ ದೊರೆಯುವ ಸ್ಥಳ

ನಿರ್ವಹಣಾ ಹೊರೆ ಎಂದರೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಥವಾ ಹಲವು ಡಿಸ್ಕ್‌ಗಳನ್ನು ಕೂಡಿಸಿ ಕಟ್ಟಿದ ವಾಲ್ಯೂಮ್‌ನಲ್ಲಿ ಫೈಲುಗಳನ್ನು ಗುರುತಿಸಲು, ಹುಡುಕಲು, ಕಾಪಾಡಲು ಫೈಲ್ ಸಿಸ್ಟಂ ತಾನೇ ಬಳಸಿಕೊಳ್ಳುವ ಅಥವಾ ಕಾಯ್ದಿರಿಸಿಕೊಳ್ಳುವ ಸ್ಥಳ. ಡಿಸ್ಕಿನ ಮೇಲೆ ನಮೂದಾಗಿರುವ ಮೊತ್ತವನ್ನು ಈ ಲೇಖನದಲ್ಲಿ ಲೇಬಲ್ ಸಾಮರ್ಥ್ಯ ಎಂದೂ, ಹೊರೆ ಮತ್ತು ಮೀಸಲು ಕಳೆದು ಸಾಮಾನ್ಯ ಬಳಕೆದಾರರಿಗೆ ಬರೆಯಲು ಸಿಗುವುದನ್ನು ಬಳಕೆಯ ಸ್ಥಳ ಎಂದೂ ಕರೆಯಲಾಗಿದೆ. ಇವೆರಡರ ನಡುವಿನ ಅಂತರಕ್ಕೆ ಒಂದೇ ಶೇಕಡಾವಾರು ಉತ್ತರ ಹುಡುಕುವುದು ವಾಡಿಕೆ. ಅಂಥ ಉತ್ತರ ಸಾಧ್ಯವಿಲ್ಲ. ಒಂದೇ ಡಿಸ್ಕ್, ಒಂದೇ ಫೈಲ್ ಸಿಸ್ಟಂ ಆಗಿದ್ದರೂ ಫಾರ್ಮ್ಯಾಟ್ ಮಾಡುವಾಗಿನ ಆಯ್ಕೆ ಮತ್ತು ತುಂಬಬೇಕಾದ ಫೈಲುಗಳ ಗಾತ್ರ ಬದಲಾದರೆ ಬಳಕೆಯ ಸ್ಥಳವೂ ಬದಲಾಗುತ್ತದೆ, ಕೆಲವೊಮ್ಮೆ ವಿಪರೀತವಾಗಿ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಹುಟ್ಟುವ ಮೂರು ಬಗೆಯ ದಾಖಲೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಲೆಕ್ಕ ಹಾಕಿ ತೋರಿಸಬಹುದು.

ಅಳತೆಯ ಮಾನ

ಮೊದಲು ಬೇರ್ಪಡಿಸಬೇಕಾದದ್ದು ಹೊರೆಯೇ ಅಲ್ಲದ ಒಂದು ಅಂತರವನ್ನು. ಡಿಸ್ಕ್ ತಯಾರಕರು 1 ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಹತ್ತರ ಘಾತದಲ್ಲಿ ಎಣಿಸುತ್ತಾರೆ. ವಿಂಡೋಸ್ ಎರಡರ ಘಾತದಲ್ಲಿ ಎಣಿಸುತ್ತದೆ. ಅಲ್ಲಿ ಅದೇ ಹೆಸರಿನ ಘಟಕ 10,99,51,16,27,776 ಬೈಟ್ ಆಗುತ್ತದೆ. ಆದ್ದರಿಂದ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಗಿಗಾಬೈಟ್ ಎಂದೂ, 4 ಟಿಬಿ ಡಿಸ್ಕ್ 3.64 ಟೆರಾಬೈಟ್ ಎಂದೂ ಕಾಣಿಸುತ್ತದೆ. ಒಂದು ಬೈಟೂ ಎಲ್ಲಿಗೂ ಹೋಗಿರುವುದಿಲ್ಲ. ಈ ಗೊಂದಲ ತಪ್ಪಿಸಲು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ ಎರಡರ ಘಾತದ ಘಟಕಗಳಿಗೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್, ಟೆಬಿಬೈಟ್ ಎಂಬ ಬೇರೆ ಹೆಸರುಗಳನ್ನು ನಿಗದಿಪಡಿಸಿತು. ಆಪಲ್ 2009ರಲ್ಲಿ ತನ್ನ ಕಾರ್ಯವ್ಯವಸ್ಥೆಯ ಎಣಿಕೆಯನ್ನು ಹತ್ತರ ಘಾತಕ್ಕೆ ಬದಲಿಸಿಕೊಂಡಿತು. ವಿಂಡೋಸ್ ಹಳೆಯ ಪದ್ಧತಿಯಲ್ಲೇ ಉಳಿದಿದೆ. ಈ ಲೇಖನದಲ್ಲಿ ಜಿಬಿ, ಟಿಬಿ ಎಂದಿರುವಲ್ಲೆಲ್ಲ ಹತ್ತರ ಘಾತದ ಎಣಿಕೆ. ಎರಡರ ಘಾತವಾದರೆ ಟೆಬಿಬೈಟ್ ಎಂದೇ ಬರೆಯಲಾಗಿದೆ.

ಇದು ಗ್ರಾಹಕರಿಗೆ ಮಾಡುವ ವಂಚನೆ ಎಂಬ ಆಕ್ಷೇಪ ಹಳೆಯದು. ಅಮೆರಿಕದಲ್ಲಿ ಈ ಕುರಿತು ಡಿಸ್ಕ್ ಕಂಪನಿಗಳ ಮೇಲೆ ಹೂಡಿದ ದಾವೆಗಳು 2006 ಮತ್ತು 2007ರಲ್ಲಿ ರಾಜಿಯಲ್ಲಿ ಮುಗಿದವು. ಆಕ್ಷೇಪದಲ್ಲಿ ಒಂದು ಅಂಶ ನಿಜ: ಘಟಕ ದೊಡ್ಡದಾದಷ್ಟೂ ಅಂತರ ಬೆಳೆಯುತ್ತದೆ. ಕಿಲೋಬೈಟ್ ಮಟ್ಟದಲ್ಲಿ ಶೇ 2.3ರಷ್ಟಿದ್ದ ಅಂತರ ಗಿಗಾಬೈಟ್‌ನಲ್ಲಿ ಶೇ 6.9, ಟೆರಾಬೈಟ್‌ನಲ್ಲಿ ಶೇ 9 ಆಗುತ್ತದೆ. ಡಿಸ್ಕ್‌ಗಳು ಚಿಕ್ಕದಿದ್ದಾಗ ಯಾರೂ ಗಮನಿಸದ ವ್ಯತ್ಯಾಸ ಈಗ ಎದ್ದು ಕಾಣುವುದು ಇದರಿಂದ. ಆದರೆ ಈ ಶೇ 9ನ್ನು ಫೈಲ್ ಸಿಸ್ಟಂನ ಲೆಕ್ಕಕ್ಕೆ ಬರೆಯುವುದು ತಪ್ಪು, ಮತ್ತು ಆ ತಪ್ಪಿಗೆ ಬೆಲೆಯಿದೆ. ಯಾವ ಫೈಲ್ ಸಿಸ್ಟಂ ಆರಿಸಿದರೂ ಈ ಅಂತರ ಹೋಗದು. ಇಡೀ ಕೊರತೆ ಇದರದ್ದೇ ಎಂದು ನಂಬಿ ಕುಳಿತವರು, ತಮ್ಮ ಕೈಯಲ್ಲೇ ಇರುವ ಉಳಿದ ಭಾಗವನ್ನು ಸರಿಪಡಿಸಲು ಹೋಗುವುದಿಲ್ಲ.

ಉಗಮ

ಡಿಸ್ಕನ್ನು ಸಮಗಾತ್ರದ ಬ್ಲಾಕ್‌ಗಳಾಗಿ ವಿಭಾಗಿಸಿ, ಯಾವ ಬ್ಲಾಕ್ ಯಾವ ಫೈಲಿಗೆ ಸೇರಿದ್ದು ಎಂಬ ಪಟ್ಟಿಯನ್ನು ಅದೇ ಡಿಸ್ಕಿನ ಮೇಲೆ ಇಡುವ ಕ್ರಮ 1970ರ ದಶಕದ ಯುನಿಕ್ಸ್‌ನಲ್ಲಿ ಇಂದಿನ ರೂಪಕ್ಕೆ ಹತ್ತಿರವಾಯಿತು. ಅಲ್ಲಿ ಬ್ಲಾಕ್ 512 ಬೈಟ್ ಇತ್ತು. ಬ್ಲಾಕ್ ಚಿಕ್ಕದಾದ್ದರಿಂದ ಸ್ಥಳ ಉಳಿಯುತ್ತಿತ್ತು, ವೇಗ ಸಿಗುತ್ತಿರಲಿಲ್ಲ. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಮೆಕ್ಯೂಸಿಕ್, ಬಿಲ್ ಜಾಯ್, ಸ್ಯಾಮ್ಯುಯೆಲ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ ಸೇರಿ ರೂಪಿಸಿ 1984ರಲ್ಲಿ ವಿವರಿಸಿದ ಫಾಸ್ಟ್ ಫೈಲ್ ಸಿಸ್ಟಂ ಬ್ಲಾಕನ್ನು 4,096 ಬೈಟ್ ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿತು. ಹಾಗೆ ಏರಿಸಿದ್ದರ ಬೆಲೆಯನ್ನೂ ಅವರು ಅಳೆದು ಪ್ರಕಟಿಸಿದರು. ತಮ್ಮ ಯಂತ್ರದಲ್ಲಿದ್ದ 775.2 ಮೆಗಾಬೈಟ್ ಫೈಲುಗಳನ್ನು 512 ಬೈಟ್ ಬ್ಲಾಕಿನಲ್ಲಿ ಇಟ್ಟರೆ ಶೇ 6.9, 1,024 ಬೈಟ್‌ನಲ್ಲಿ ಶೇ 11.8, 4,096 ಬೈಟ್‌ನಲ್ಲಿ ಶೇ 45.6ರಷ್ಟು ಹೆಚ್ಚುವರಿ ಸ್ಥಳ ಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬ್ಲಾಕನ್ನು ಮತ್ತೆ ತುಂಡುಗಳಾಗಿ ಹಂಚುವ ಏರ್ಪಾಡನ್ನು ಅವರು ತಂದರು. ಈ ಅಂಕಿಗಳ ಮಹತ್ವ ಇಂದಿಗೂ ಇದೆ. ಯಂತ್ರ ಬದಲಾಗಿಲ್ಲ, ಫೈಲುಗಳು ಬದಲಾಗಿಲ್ಲ. ಬ್ಲಾಕಿನ ಗಾತ್ರವೊಂದೇ ಬದಲಾಗಿ ಹೊರೆ ಆರು ಪಟ್ಟು ಮೀರಿ ಬೆಳೆದಿದೆ.

ಡಿಸ್ಕಿನ ಒಂದು ಪಾಲನ್ನು ಖಾಲಿ ಇಡಬೇಕೆಂಬ ನಿಯಮವೂ ಅದೇ ವಿನ್ಯಾಸದಿಂದ ಬಂತು. ಅಲ್ಲಿ ಸಾಮಾನ್ಯವಾಗಿ ಶೇ 10 ಮೀಸಲಿಡುತ್ತಿದ್ದರು. ಆ ಮಟ್ಟ ತಲುಪಿದ ಮೇಲೆ ವ್ಯವಸ್ಥಾಪಕರಿಗೆ ಮಾತ್ರ ಬರೆಯಲು ಅವಕಾಶ. ಖಾಲಿ ಜಾಗ ಪೂರ್ತಿ ಮುಗಿದರೆ ಫೈಲಿನ ಬ್ಲಾಕ್‌ಗಳನ್ನು ಒತ್ತೊತ್ತಾಗಿ ಜೋಡಿಸಲು ಆಗದೆ ವೇಗ ಅರ್ಧಕ್ಕೆ ಇಳಿಯುತ್ತದೆ ಎಂಬುದು ಅವರು ಕಂಡ ಕಾರಣ. ಲಿನಕ್ಸ್‌ನ ಎಕ್ಸ್‌ಟಿ ಸಾಲಿನ ಫೈಲ್ ಸಿಸ್ಟಂಗಳು ಈ ನಿಯಮವನ್ನು ಶೇ 5ಕ್ಕೆ ಇಳಿಸಿ ಉಳಿಸಿಕೊಂಡಿವೆ.

ರಚನೆ

2008ರಲ್ಲಿ ಲಿನಕ್ಸ್‌ಗೆ ಸ್ಥಿರ ರೂಪದಲ್ಲಿ ಸೇರಿದ ಎಕ್ಸ್‌ಟಿ4 ಹೊರೆಯನ್ನು ಮೊದಲೇ ಲೆಕ್ಕ ಹಾಕಿ ಕಾಯ್ದಿರಿಸುವುದರಿಂದ ರಚನೆಯನ್ನು ಅರಿಯಲು ಅದು ಅನುಕೂಲ. ಪ್ರತಿ ಫೈಲಿಗೂ ಇನೋಡ್ ಎಂಬ ಒಂದು ದಾಖಲೆ ಇರುತ್ತದೆ. ಫೈಲಿನ ಒಡೆಯ, ಗಾತ್ರ, ಕಾಲ, ಅನುಮತಿ ಮತ್ತು ಡೇಟಾ ಇರುವ ಬ್ಲಾಕ್‌ಗಳ ವಿಳಾಸ ಅದರಲ್ಲಿರುತ್ತವೆ. ಹೆಸರು ಮಾತ್ರ ಇರುವುದಿಲ್ಲ, ಅದು ಡೈರೆಕ್ಟರಿಯಲ್ಲಿರುತ್ತದೆ. ಇನೋಡ್ ಒಂದಕ್ಕೆ 256 ಬೈಟ್. ಪ್ರತಿ 16,384 ಬೈಟ್ ಸ್ಥಳಕ್ಕೆ ಒಂದು ಇನೋಡ್ ಎಂಬುದು ಸಾಮಾನ್ಯ ಅನುಪಾತ. 4 ಟಿಬಿ ಡಿಸ್ಕಿಗೆ ಇದರಂತೆ 24 ಕೋಟಿಗೂ ಹೆಚ್ಚು ಇನೋಡ್‌ಗಳು ಸಿದ್ಧವಾಗುತ್ತವೆ, ಅವುಗಳ ಕೋಷ್ಟಕ 62.5 ಜಿಬಿ ಹಿಡಿಯುತ್ತದೆ. ಹಠಾತ್ತನೆ ವಿದ್ಯುತ್ ಹೋದಾಗ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸುವ ಜರ್ನಲ್‌ಗೆ ಸುಮಾರು 1 ಜಿಬಿ, ಯಾವ ಬ್ಲಾಕ್ ಖಾಲಿ ಯಾವುದು ತುಂಬಿದೆ ಎಂದು ತೋರಿಸುವ ನಕ್ಷೆಗಳಿಗೆ ಅದರ ಕಾಲು ಭಾಗ. ಶೇ 5ರ ಮೀಸಲು 200 ಜಿಬಿ. ಇಷ್ಟನ್ನೂ ಕಳೆದರೆ 4,000 ಜಿಬಿಯಲ್ಲಿ ಸುಮಾರು 3,736 ಜಿಬಿ ಉಳಿಯುತ್ತದೆ. ಟೆಬಿಬೈಟ್‌ನಲ್ಲಿ ಹೇಳಿದರೆ 3.4.

ತಾಲ್ಲೂಕು ಕಚೇರಿಯ ಅಭಿಲೇಖಾಲಯದ ನೆಲವೆಲ್ಲ ಕಡತದ ಕಟ್ಟುಗಳಿಗೇ ಸಿಗುವುದಿಲ್ಲ; ಕಪಾಟು, ಓಡಾಡುವ ದಾರಿ, ಸೂಚಿ ವಹಿ ಇಡುವ ಮೇಜು ಇಲ್ಲದಿದ್ದರೆ ಬೇಕಾದ ಕಟ್ಟನ್ನು ಹೊರತೆಗೆಯಲೇ ಆಗುವುದಿಲ್ಲ. ಇನೋಡ್, ಜರ್ನಲ್, ನಕ್ಷೆಗಳ ಪಾತ್ರ ಅಂಥದು. ಹಾಗೆಂದು ಮೀಸಲನ್ನು ಇವುಗಳ ಸಾಲಿಗೆ ಸೇರಿಸಬಾರದು. ಅದು ಖಾಲಿ ಜಾಗವೇ. ಸಾಮಾನ್ಯ ಬಳಕೆದಾರರಿಗೆ ಮಾತ್ರ ಮುಚ್ಚಿದೆ. ಲಿನಕ್ಸ್‌ನ ಡಿಎಫ್ ಆಜ್ಞೆ ಒಟ್ಟು, ಬಳಸಿದ್ದು, ಲಭ್ಯ ಎಂದು ಮೂರು ಅಂಕಿ ತೋರಿಸುವಾಗ ಮೊದಲಿನಿಂದ ಎರಡನೆಯದನ್ನು ಕಳೆದರೆ ಮೂರನೆಯದು ಬಾರದಿರುವುದು ಇದೇ ಕಾರಣಕ್ಕೆ. ಇನೋಡ್ ಕೋಷ್ಟಕವನ್ನು ಅದು ಒಟ್ಟು ಮೊತ್ತದಿಂದಲೇ ಕಳೆದಿರುತ್ತದೆ, ಮೀಸಲನ್ನು ಲಭ್ಯ ಮೊತ್ತದಿಂದ ಕಳೆಯುತ್ತದೆ.

ಕೊನೆಯದು, ಫೈಲಿನ ತುದಿಯಲ್ಲಿ ಉಂಟಾಗುವ ಬ್ಲಾಕ್ ಉಳಿಕೆ. ಫೈಲುಗಳಿಗೆ ಸ್ಥಳ ಸಿಗುವುದು ಬ್ಲಾಕ್‌ಗಳ ಲೆಕ್ಕದಲ್ಲಿ. 4,096 ಬೈಟ್ ಬ್ಲಾಕಿನಲ್ಲಿ 4,100 ಬೈಟ್ ಫೈಲ್ ಎರಡು ಬ್ಲಾಕ್ ಹಿಡಿಯುತ್ತದೆ. ಫೈಲುಗಳು ಬ್ಲಾಕಿಗಿಂತ ಬಹಳ ದೊಡ್ಡವಾಗಿದ್ದರೆ ಫೈಲೊಂದಕ್ಕೆ ಸರಾಸರಿ ಅರ್ಧ ಬ್ಲಾಕ್ ಉಳಿಕೆ ಎಂದು ಹಿಡಿಯಬಹುದು; ಬ್ಲಾಕಿಗಿಂತ ಚಿಕ್ಕವಾಗಿದ್ದರೆ ಈ ಸರಾಸರಿ ಅನ್ವಯಿಸದು, ಪ್ರತಿ ಫೈಲೂ ಇಡೀ ಬ್ಲಾಕ್ ತಿನ್ನುತ್ತದೆ. ಡಿಸ್ಕ್ ಖಾಲಿ ಇರುವಾಗ ಈ ಹೊರೆ ಕಾಣುವುದೇ ಇಲ್ಲ, ತುಂಬುತ್ತ ಹೋದಂತೆ ಬೆಳೆಯುತ್ತದೆ. ಕೊಳ್ಳುವ ಮುನ್ನ ಮಾಡುವ ಅಂದಾಜುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

ಬಗೆಗಳು

ವಿಂಡೋಸ್ ಎನ್‌ಟಿ ಜೊತೆ 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಫೈಲುಗಳ ದಾಖಲೆಗಳನ್ನು ಮಾಸ್ಟರ್ ಫೈಲ್ ಟೇಬಲ್ ಎಂಬಲ್ಲಿ ಇಡುತ್ತದೆ. ಫೈಲೊಂದಕ್ಕೆ ಸಾಮಾನ್ಯವಾಗಿ 1,024 ಬೈಟ್. ಟೇಬಲ್ ಫೈಲುಗಳು ಬಂದಂತೆ ಬೆಳೆಯುತ್ತದೆ. ಕೆಲವು ನೂರು ಬೈಟ್‌ಗಳ ಪುಟ್ಟ ಫೈಲಾದರೆ ಅದರ ಡೇಟಾ ಆ ದಾಖಲೆಯೊಳಗೇ ಅಡಗಿ ಬೇರೆ ಬ್ಲಾಕ್ ಕೇಳುವುದಿಲ್ಲ. ಇಲ್ಲಿ ಬ್ಲಾಕಿಗೆ ಕ್ಲಸ್ಟರ್ ಎಂದು ಹೆಸರು. 16 ಟೆಬಿಬೈಟ್‌ವರೆಗೆ ಕ್ಲಸ್ಟರ್ 4,096 ಬೈಟ್, ಅದರಾಚೆಗೆ ದುಪ್ಪಟ್ಟಾಗುತ್ತ ಹೋಗುತ್ತದೆ. 1996ರ ಫ್ಯಾಟ್32ರಲ್ಲಿ ಹೊರೆ ಕಡಿಮೆ, ಆದರೆ ಒಂದು ಫೈಲ್ 4 ಗಿಬಿಬೈಟ್ ಮೀರುವಂತಿಲ್ಲ. ಅದನ್ನು ಮೀರಲು 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಹೊರಗೆ ಜೋಡಿಸುವ ಡಿಸ್ಕ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿದೆ; ವಿಂಡೋಸ್ ಅದನ್ನು 32 ಗಿಬಿಬೈಟ್‌ಗಿಂತ ದೊಡ್ಡ ವಾಲ್ಯೂಮ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರನ್ನು 1,31,072 ಬೈಟ್‌ಗೆ ಏರಿಸುತ್ತದೆ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1990ರ ದಶಕದಲ್ಲಿ ರೂಪಿಸಿದ ಎಕ್ಸ್‌ಎಫ್‌ಎಸ್ ಇನೋಡ್‌ಗಳನ್ನು ಮೊದಲೇ ಮಾಡಿಡದೆ ಬೇಕಾದಂತೆ ಹುಟ್ಟಿಸುತ್ತದೆ. ಸನ್ ಕಂಪನಿಯಿಂದ 2005ರಲ್ಲಿ ಹೊರಬಂದ ಜೆಡ್‌ಎಫ್‌ಎಸ್ ಮತ್ತು 2009ರಲ್ಲಿ ಲಿನಕ್ಸ್‌ಗೆ ಸೇರಿದ ಬಿಟಿಆರ್‌ಎಫ್‌ಎಸ್ ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡಲು ಪ್ರತಿ ಬ್ಲಾಕಿಗೂ ಪರೀಕ್ಷಾಂಕ ಇಡುತ್ತವೆ. ಜೆಡ್‌ಎಫ್‌ಎಸ್ ಒಟ್ಟು ಸ್ಥಳದ 32ರಲ್ಲಿ ಒಂದು ಪಾಲನ್ನು ತನಗಾಗಿ ಹಿಡಿದಿಡುತ್ತದೆ. ಹೊಸ ಆವೃತ್ತಿಗಳಲ್ಲಿ ಇದಕ್ಕೆ ಮೇಲ್ಮಿತಿ ಬಂದಿದೆ.

ಹಲವು ಡಿಸ್ಕ್‌ಗಳನ್ನು ಕೂಡಿಸುವ ರೇಯ್ಡ್ ಪದ್ಧತಿಯಲ್ಲಿ ಕಳೆಯುವ ಸ್ಥಳ ಫೈಲ್ ಸಿಸ್ಟಂಗೆ ಕೆಳಗಿನ ಪದರದ್ದು. 4 ಟಿಬಿಯ ಎಂಟು ಡಿಸ್ಕ್‌ಗಳನ್ನು ರೇಯ್ಡ್ 6ರಲ್ಲಿ ಜೋಡಿಸಿದರೆ ಎರಡು ಡಿಸ್ಕಿನಷ್ಟು ಸ್ಥಳ ರಕ್ಷಣೆಗೆ ಹೋಗಿ 24 ಟಿಬಿ ಸಿಗುತ್ತದೆ. ಫೈಲ್ ಸಿಸ್ಟಂನ ಲೆಕ್ಕ ಶುರುವಾಗುವುದು ಆ 24ರಿಂದ.

ಕನ್ನಡ ಪಠ್ಯ ಹಿಡಿಯುವ ಸ್ಥಳ

ಯೂನಿಕೋಡ್‌ನ ಯುಟಿಎಫ್-8 ಸಂಕೇತದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ, ಅಂದರೆ ಪ್ರತಿ ಅಕ್ಷರ, ಸ್ವರಚಿಹ್ನೆ, ಹಲಂತ ಚಿಹ್ನೆಗೆ, ಮೂರು ಬೈಟ್ ಬೇಕು. ಹಾನಗಲ್ಲ ಎಂಬ ಹೆಸರಿನಲ್ಲಿ ಏಳು ಚಿಹ್ನೆ, 21 ಬೈಟ್; ಶಿಗ್ಗಾಂವಿ 27, ಸವಣೂರು 18, ಹಿರೇಕೆರೂರು 30. ಕನ್ನಡದಲ್ಲಿ ದಾಖಲೆ ಇಟ್ಟರೆ ಡಿಸ್ಕ್ ಮೂರು ಪಟ್ಟು ಬೇಗ ತುಂಬುತ್ತದೆ ಎಂದು ಇದರಿಂದ ವಾದಿಸುವುದುಂಟು. ವಾದ ನಿಲ್ಲುವುದಿಲ್ಲ, ಕಾರಣ ಬ್ಲಾಕ್. 1,200 ಬೈಟ್‌ನ ಟಿಪ್ಪಣಿಯೂ ಅದರ ಮೂರರಷ್ಟಾದ 3,600 ಬೈಟ್‌ನದ್ದೂ ಡಿಸ್ಕಿನ ಮೇಲೆ ಹಿಡಿಯುವುದು 4,096 ಬೈಟನ್ನೇ. ದೊಡ್ಡ ಪಠ್ಯವಾದರೆ ಸಂಕುಚನ ನೆರವಾಗುತ್ತದೆ: ಕನ್ನಡ ಚಿಹ್ನೆಯ ಮೂರು ಬೈಟ್‌ಗಳಲ್ಲಿ ಮೊದಲನೆಯದು ಎಲ್ಲ ಚಿಹ್ನೆಗಳಿಗೂ ಒಂದೇ, ಎರಡನೆಯದಕ್ಕೆ ಎರಡೇ ಬೆಲೆ. ಇಷ್ಟು ಮರುಕಳಿಸುವ ಮಾದರಿಯನ್ನು ಯಾವುದೇ ಸಂಕುಚನ ಕ್ರಮ ಚೆನ್ನಾಗಿ ಕುಗ್ಗಿಸುತ್ತದೆ. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಎನ್‌ಟಿಎಫ್‌ಎಸ್‌ಗಳು ಈ ಕೆಲಸವನ್ನು ತಾವೇ ಮಾಡಬಲ್ಲವು.

ಕನ್ನಡಕ್ಕೆ ನಿಜವಾದ ಮಿತಿ ಇರುವುದು ಫೈಲಿನ ಹೆಸರಿನಲ್ಲಿ. ಎಕ್ಸ್‌ಟಿ4ರಲ್ಲಿ ಹೆಸರು 255 ಬೈಟ್ ಮೀರುವಂತಿಲ್ಲ, ಆದ್ದರಿಂದ ಕನ್ನಡದಲ್ಲಿ 85 ಚಿಹ್ನೆಗೆ ನಿಲ್ಲುತ್ತದೆ. ಎನ್‌ಟಿಎಫ್‌ಎಸ್ ಹೆಸರನ್ನು ಬೇರೆ ಸಂಕೇತದಲ್ಲಿ ಎಣಿಸುವುದರಿಂದ ಅಲ್ಲಿ 255 ಚಿಹ್ನೆಗೂ ಅವಕಾಶವಿದೆ. ಗ್ರಾಮ, ಸರ್ವೆ ನಂಬರ್, ವರ್ಷ, ದಾಖಲೆಯ ಬಗೆ ಎಲ್ಲವನ್ನೂ ಹೆಸರಲ್ಲೇ ತುಂಬಿದ ಉದ್ದದ ಕನ್ನಡ ಫೈಲ್ ವಿಂಡೋಸ್ ಯಂತ್ರದಿಂದ ಲಿನಕ್ಸ್ ಸರ್ವರಿಗೆ ನಕಲಾಗುವಾಗ ತಡೆಬೀಳಬಹುದು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೂ ಹೀಗಾಗುತ್ತದೆ.

ನಾಲ್ಕು ತಾಲ್ಲೂಕುಗಳ ದಾಖಲೆ

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. ಮುಂಬಯಿ ಆಧಿಪತ್ಯದ ಕಾಲದಲ್ಲಿ ಹಿರೇಕೆರೂರು ಕೋಡ ತಾಲ್ಲೂಕಿನ, ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನ ಕೇಂದ್ರಗಳಾಗಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಈಚೆಗೆ ಹಿರೇಕೆರೂರಿನಿಂದ ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾಯಿತು. ಆಡಳಿತದ ಇಂಥ ಬದಲಾವಣೆ ಗಣಕದಲ್ಲಿ ಫೋಲ್ಡರುಗಳ ಬದಲಾವಣೆಯಾಗುತ್ತದೆ. ಒಂದೇ ವಾಲ್ಯೂಮ್‌ನೊಳಗೆ ಗ್ರಾಮವೊಂದರ ಫೋಲ್ಡರನ್ನು ಬೇರೆ ತಾಲ್ಲೂಕಿನಡಿಗೆ ಸರಿಸಿದರೆ ಡೈರೆಕ್ಟರಿಯ ನಮೂದು ಮಾತ್ರ ಬದಲಾಗುತ್ತದೆ, ಹೆಚ್ಚಿನ ಸ್ಥಳ ಬೇಡ. ತಾಲ್ಲೂಕಿಗೊಂದು ವಾಲ್ಯೂಮ್ ಮಾಡಿಟ್ಟಿದ್ದರೆ ಡೇಟಾ ಪೂರ್ತಿ ನಕಲಾಗಬೇಕು, ಮೂಲವನ್ನು ಅಳಿಸುವವರೆಗೆ ಎರಡರಷ್ಟು ಜಾಗ ಬೇಕು.

ಈ ತಾಲ್ಲೂಕುಗಳ ಡಿಜಿಟಲ್ ದಾಖಲೆಗಳು ಮೂರು ಆಕಾರದಲ್ಲಿವೆ. ಮೊದಲನೆಯದು ಭೂಮಿ ಯೋಜನೆಯದು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ಈ ಯೋಜನೆ ಪಹಣಿಗಳನ್ನು ಡೇಟಾಬೇಸ್‌ನಲ್ಲಿ ಇಟ್ಟಿದೆ. ಡೇಟಾಬೇಸ್ ತನ್ನ ಸಾಲುಗಳನ್ನು ಕೆಲವೇ ದೊಡ್ಡ ಫೈಲುಗಳೊಳಗೆ ಒತ್ತಾಗಿ ಜೋಡಿಸುವುದರಿಂದ ಬ್ಲಾಕ್ ಉಳಿಕೆ ನಗಣ್ಯ. ಈ ಕ್ರಮ ಎಷ್ಟು ಉಳಿಸುತ್ತದೆಂದು ತಿಳಿಯಲು ತಿರುಗಿಸಿ ಲೆಕ್ಕ ಹಾಕಬೇಕು. 1 ಕೋಟಿ ದಾಖಲೆ, ಒಂದೊಂದು 1,000 ಬೈಟ್ ಎಂದಿಟ್ಟುಕೊಂಡರೆ ಒಟ್ಟು ಡೇಟಾ 10 ಜಿಬಿ. ಅವುಗಳನ್ನು ಬೇರೆಬೇರೆ ಫೈಲಾಗಿ ಎಕ್ಸ್‌ಟಿ4ರಲ್ಲಿ ಇಟ್ಟರೆ 40.96 ಜಿಬಿ ಹಿಡಿಯುತ್ತವೆ. ಎಕ್ಸ್‌ಫ್ಯಾಟ್‌ನ ದೊಡ್ಡ ಕ್ಲಸ್ಟರಿನಲ್ಲಿ ಇಟ್ಟರೆ 1.31 ಟಿಬಿ. ಹತ್ತು ಗಿಗಾಬೈಟ್ ಮಾಹಿತಿ 4 ಟಿಬಿ ಡಿಸ್ಕಿನ ಮೂರನೆಯ ಒಂದು ಭಾಗವನ್ನು ತಿಂದಂತಾಯಿತು.

ಎರಡನೆಯದು ಸ್ಕ್ಯಾನ್ ಮಾಡಿದ ಪುಟಗಳು. ಕಂದಾಯ ಇಲಾಖೆ 2024ರಲ್ಲಿ ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ಮುಂದೆ ಇತರ ತಾಲ್ಲೂಕುಗಳಿಗೂ ವಿಸ್ತರಿಸಿದ ಭೂ ಸುರಕ್ಷಾ ಯೋಜನೆಯ ಉದ್ದೇಶ, ಅಭಿಲೇಖಾಲಯಗಳ ಹಳೆಯ ಕಾಗದಗಳನ್ನು ಚಿತ್ರರೂಪದಲ್ಲಿ ಉಳಿಸುವುದು. ಕೈಬರಹದ ಪಹಣಿ, ಹಕ್ಕು ಬದಲಾವಣೆಯ ವಹಿ, ಭೂ ಮಂಜೂರಾತಿ ಕಡತ ಮುಂತಾದವು ಪುಟಪುಟವಾಗಿ ಫೈಲುಗಳಾಗುವ ಕೆಲಸವಿದು. ಲೆಕ್ಕಕ್ಕೆ 1 ಕೋಟಿ ಪುಟ, ಪುಟಕ್ಕೆ 200 ಕಿಲೋಬೈಟ್ ಎಂದು ಹಿಡಿದರೆ ಡೇಟಾ 2 ಟಿಬಿ. 4,096 ಬೈಟ್ ಬ್ಲಾಕಿನಲ್ಲಿ ಉಳಿಕೆ ಸುಮಾರು 20 ಜಿಬಿ, 4 ಟಿಬಿಯ ಶೇ ಅರ್ಧದಷ್ಟು. 65,536 ಬೈಟ್ ಬ್ಲಾಕಾದರೆ ಸುಮಾರು 328 ಜಿಬಿ, ಶೇ 8. ಎಕ್ಸ್‌ಫ್ಯಾಟ್‌ನ 1,31,072 ಬೈಟ್ ಕ್ಲಸ್ಟರಾದರೆ 655 ಜಿಬಿ, ಶೇ 16. ಪುಟಗಳನ್ನು ಕಡತಕ್ಕೊಂದರಂತೆ ಪಿಡಿಎಫ್ ಮಾಡಿ ಕಟ್ಟಿದರೆ ಉಳಿಕೆ ಬಹುತೇಕ ಮಾಯವಾಗುತ್ತದಲ್ಲ ಎಂದು ಕೇಳಬಹುದು. ಮಾಯವಾಗುವುದು ನಿಜ. ಆದರೆ ಒಂದು ಪುಟ ಕೆಟ್ಟರೆ ಕಡತವಿಡೀ ತೆರೆಯದೆ ಹೋಗುವ ಅಪಾಯ ಕೂಡಿಕೊಳ್ಳುತ್ತದೆ, ಒಂದು ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿದಾಗ ಫೈಲನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ಶೇ ಅರ್ಧದ ಉಳಿಕೆಗಾಗಿ ಈ ಅಪಾಯ ಒಪ್ಪುವುದು ಸರಿಯಲ್ಲ; ಶೇ 16 ಆದರೆ ಬದಲಿಸಬೇಕಾದದ್ದು ಕಡತದ ಕ್ರಮವನ್ನಲ್ಲ, ಕ್ಲಸ್ಟರಿನ ಗಾತ್ರವನ್ನು.

ಮೂರನೆಯದು ಧ್ವನಿ ಮತ್ತು ದೃಶ್ಯ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಕ್ಷೇತ್ರಕಾರ್ಯದಲ್ಲಿ ಹುಟ್ಟುವ ಫೈಲುಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಸೆಕೆಂಡಿಗೆ 25 ಮೆಗಾಬಿಟ್‌ನಂತೆ ಹಿಡಿದ ವಿಡಿಯೊ ಗಂಟೆಗೆ 11.25 ಜಿಬಿ ಆಗುತ್ತದೆ; ಒಂದೇ ಫೈಲಾಗಿ ಫ್ಯಾಟ್32ರಲ್ಲಿ ಇಡಲು ಬಾರದು. 4 ಟಿಬಿ ಡಿಸ್ಕನ್ನು ಎಕ್ಸ್‌ಟಿ4ರ ಸಾಮಾನ್ಯ ಅನುಪಾತದಲ್ಲಿ ಫಾರ್ಮ್ಯಾಟ್ ಮಾಡಿದರೆ ಸುಮಾರು 332 ಗಂಟೆಯ ಚಿತ್ರೀಕರಣ ಹಿಡಿಸುತ್ತದೆ. ದೊಡ್ಡ ಫೈಲುಗಳಿಗೆಂದೇ ಇರುವ ಆಯ್ಕೆಯಲ್ಲಿ ಇನೋಡ್ ಒಂದಕ್ಕೆ 4 ಮೆಬಿಬೈಟ್ ಎಂದು ನಿಗದಿಪಡಿಸಿ, ಮೀಸಲನ್ನು ಶೇ 1ಕ್ಕೆ ಇಳಿಸಿದರೆ ಸುಮಾರು 352 ಗಂಟೆ. ಇಪ್ಪತ್ತು ಗಂಟೆಯ ಹಾಡು, ಕಥೆ, ಕುಣಿತ ಹೊಸ ಡಿಸ್ಕ್ ಕೊಳ್ಳದೆ ಸೇರಿಕೊಳ್ಳುತ್ತದೆ.

ಇದೇ ಆಯ್ಕೆಯನ್ನು ಸ್ಕ್ಯಾನ್ ಪುಟಗಳ ಡಿಸ್ಕಿಗೆ ಅನ್ವಯಿಸಿದರೆ ಏನಾಗುತ್ತದೆಂಬುದು ಇಡೀ ವಿಷಯದ ತಿರುಳು. ಆಗ ಡಿಸ್ಕಿನಲ್ಲಿರುವ ಇನೋಡ್‌ಗಳು 9,53,674 ಮಾತ್ರ. ಅಷ್ಟು ಪುಟ ತುಂಬಿದಾಗ ಬಳಕೆಯಾದದ್ದು 191 ಜಿಬಿ, ಡಿಸ್ಕಿನ ಶೇ 5ಕ್ಕೂ ಕಡಿಮೆ. ಮುಂದಿನ ಪುಟ ಉಳಿಸಲು ಹೊರಟರೆ ಸ್ಥಳವಿಲ್ಲ ಎಂಬ ಸೂಚನೆ ಬರುತ್ತದೆ, ಡಿಎಫ್ ಮಾತ್ರ 3.7 ಟಿಬಿಗೂ ಹೆಚ್ಚು ಖಾಲಿಯಿದೆ ಎನ್ನುತ್ತದೆ. ಇನೋಡ್ ಲೆಕ್ಕ ಕೇಳಿದಾಗಷ್ಟೇ ಕಾರಣ ತಿಳಿಯುವುದು. ವಿಡಿಯೊ ಸಂಗ್ರಹಕ್ಕೆ ಇಪ್ಪತ್ತು ಗಂಟೆ ಉಳಿಸಿಕೊಟ್ಟ ಆಯ್ಕೆ ಕಂದಾಯ ದಾಖಲೆಯ ಡಿಸ್ಕನ್ನು ನಿಷ್ಪ್ರಯೋಜಕ ಮಾಡಿತು. ಬಳಕೆಯ ಸ್ಥಳವನ್ನು ಡಿಸ್ಕಿನ ಗುಣವೆಂದು ಭಾವಿಸಿ ಫೈಲುಗಳ ಆಕಾರ ಕೇಳದೆ ಶೇಕಡಾವಾರು ಹೇಳುವವರ ಲೆಕ್ಕ ಕುಸಿಯುವುದು ಇಲ್ಲಿ.

ದೊಡ್ಡ ವಾಲ್ಯೂಮ್‌ಗಳಲ್ಲಿ ಮೀಸಲು

ಶೇಕಡಾವಾರು ನಿಯಮಗಳು ಡಿಸ್ಕ್‌ಗಳು ಚಿಕ್ಕದಿದ್ದ ಕಾಲದವು. 100 ಮೆಗಾಬೈಟ್ ಡಿಸ್ಕಿನ ಶೇ 5 ಎಂದರೆ 5 ಮೆಗಾಬೈಟ್. 24 ಟಿಬಿ ವಾಲ್ಯೂಮ್‌ನ ಶೇ 5 ಎಂದರೆ 1.2 ಟಿಬಿ. ಎಕ್ಸ್‌ಟಿ4ರ ಸಲಕರಣೆ ಇನೋಡ್ ವಿಷಯದಲ್ಲಿ ಇದನ್ನು ಗುರುತಿಸಿದೆ: ವಾಲ್ಯೂಮ್ 4 ಟೆಬಿಬೈಟ್ ಮುಟ್ಟಿದರೆ ಇನೋಡ್ ಒಂದಕ್ಕೆ 32,768 ಬೈಟ್, 16 ಟೆಬಿಬೈಟ್ ಮುಟ್ಟಿದರೆ 65,536 ಬೈಟ್ ಎಂದು ಅನುಪಾತವನ್ನು ತಾನಾಗಿ ಸಡಿಲಿಸುತ್ತದೆ. 24 ಟಿಬಿಗೆ ಇನೋಡ್ ಕೋಷ್ಟಕ ಹೀಗೆ 94 ಜಿಬಿಗೆ ನಿಲ್ಲುತ್ತದೆ, ಶೇ 0.4ರಷ್ಟು ಮಾತ್ರ. ಮೀಸಲಿನ ಶೇಕಡಾವಾರು ಮಾತ್ರ ಗಾತ್ರ ನೋಡದೆ ಹಾಗೇ ಉಳಿದಿದೆ.

ಮೀಸಲನ್ನು ಸೊನ್ನೆ ಮಾಡಿಬಿಟ್ಟರೇನು ಎಂಬ ಪ್ರಶ್ನೆಗೆ ಉತ್ತರ ವಾಲ್ಯೂಮ್‌ನ ಕೆಲಸದ ಮೇಲೆ ನಿಂತಿದೆ. ಕಾರ್ಯವ್ಯವಸ್ಥೆ ಇರುವ ವಾಲ್ಯೂಮ್ ಪೂರ್ತಿ ತುಂಬಿದರೆ ಲಾಗ್ ಬರೆಯುವ ಸೇವೆಗಳು ನಿಲ್ಲುತ್ತವೆ. ದುರಸ್ತಿಗೆ ವ್ಯವಸ್ಥಾಪಕರು ಒಳಹೊಕ್ಕರೂ ತಾತ್ಕಾಲಿಕ ಫೈಲ್ ಬರೆಯಲು ಜಾಗವಿರುವುದಿಲ್ಲ. ಅಲ್ಲಿ ಮೀಸಲು ಬೇಕೇ ಬೇಕು. ಬರೆದ ಮೇಲೆ ಬದಲಾಗದ ಸ್ಕ್ಯಾನ್ ಪುಟಗಳ ದಾಸ್ತಾನಿಗೆ ಶೇ 1 ಸಾಕು. 4 ಟಿಬಿಯಲ್ಲಿ ಅದೂ 40 ಜಿಬಿ. ದಿನವೂ ಫೈಲುಗಳು ಅಳಿದು ಹುಟ್ಟುವ ವಾಲ್ಯೂಮ್‌ನಲ್ಲಿ ಹಾಗಲ್ಲ: ತುಂಬುತ್ತ ಬಂದಂತೆ ಹೊಸ ಫೈಲುಗಳು ಚೂರುಚೂರಾಗಿ ಹಂಚಿಹೋಗುತ್ತವೆ, ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂತೆ ಹಳೆಯ ಬ್ಲಾಕಿನ ಮೇಲೆ ಬರೆಯದೆ ಪ್ರತಿ ಸಲ ಹೊಸ ಬ್ಲಾಕ್ ಕೇಳುವ ವ್ಯವಸ್ಥೆಗಳಲ್ಲಿ ಇದು ಇನ್ನೂ ತೀವ್ರ. ಅಂಥಲ್ಲಿ ಐದನೆಯ ಒಂದು ಭಾಗವನ್ನು ಖಾಲಿ ಬಿಡುವ ರೂಢಿ ಸಮರ್ಥನೀಯ.

ಡಿಸ್ಕ್ ಈಗ ಅಗ್ಗ, ಇಷ್ಟು ಸೂಕ್ಷ್ಮ ಲೆಕ್ಕ ಯಾಕೆ ಎಂಬುದು ಉಳಿದ ಆಕ್ಷೇಪ. ಬೆಲೆಯ ಮಟ್ಟಿಗೆ ಅದು ಒಪ್ಪತಕ್ಕದ್ದು. ಶೇ 1, 2ರ ಹೊರೆಗಾಗಿ ಯಾರೂ ಫೈಲ್ ಸಿಸ್ಟಂ ಬದಲಿಸಬೇಕಿಲ್ಲ. ಆದರೆ ಲೆಕ್ಕ ತಪ್ಪಿದ್ದು ಗೊತ್ತಾಗುವುದು ಖರೀದಿಯ ದಿನವಲ್ಲ, ಸ್ಕ್ಯಾನ್ ಕೆಲಸ ನಡುವಿನಲ್ಲಿರುವಾಗ. ಆ ಹೊತ್ತಿಗೆ ಕಟ್ಟು ಬಿಚ್ಚಿದ ಹಳೆಯ ಕಾಗದ ಮೇಜಿನ ಮೇಲಿರುತ್ತದೆ, ಟೆಂಡರ್ ಮುಗಿದಿರುತ್ತದೆ. ದಾಖಲೆಗೆ ಕನಿಷ್ಠ ಒಂದು ಮರುಪ್ರತಿ ಇಡುವುದರಿಂದ ಯಾವ ತಪ್ಪೂ ದುಪ್ಪಟ್ಟಾಗುತ್ತದೆ. ಅದರಲ್ಲೂ ಮೂಲ ಪ್ರತಿ ಎಕ್ಸ್‌ಟಿ4ರಲ್ಲಿದ್ದು ಮರುಪ್ರತಿ ಎಕ್ಸ್‌ಫ್ಯಾಟ್ ಡಿಸ್ಕಿಗೆ ಹೋಗುವುದಾದರೆ, ಮೂಲದ ಡಿಸ್ಕಿನಷ್ಟೇ ದೊಡ್ಡ ಡಿಸ್ಕ್ ಸಾಲದೆ ಬರುವ ಸಾಧ್ಯತೆ ಇದೆ.

ಸದ್ಯದ ಸ್ಥಿತಿ

ಡಿಸ್ಕನ್ನು ಭಾಗಗಳಾಗಿ ವಿಂಗಡಿಸುವ ಹಳೆಯ ಕ್ರಮವಾದ ಎಂಬಿಆರ್‌ನಲ್ಲಿ, ಡಿಸ್ಕ್ ಓದಿ ಬರೆಯುವ ಕನಿಷ್ಠ ಘಟಕವಾದ ಸೆಕ್ಟರ್ 512 ಬೈಟ್ ಇದ್ದರೆ, ಡಿಸ್ಕ್ 2 ಟೆಬಿಬೈಟ್‌ಗೆ ನಿಲ್ಲುತ್ತಿತ್ತು. ದೊಡ್ಡ ಡಿಸ್ಕ್‌ಗಳಲ್ಲಿ ಈಗ ಅದರ ಬದಲು ಜಿಪಿಟಿ ಎಂಬ ಕ್ರಮ ಬಳಕೆಯಲ್ಲಿದೆ, ಅದು ತಾನು ಹಿಡಿಯುವುದು ಕೆಲವೇ ಕಿಲೋಬೈಟ್. ಡಿಸ್ಕ್‌ಗಳ ಭೌತಿಕ ಸೆಕ್ಟರ್ 512ರಿಂದ 4,096 ಬೈಟ್‌ಗೆ ಏರಿರುವುದರಿಂದ ಅದಕ್ಕಿಂತ ಚಿಕ್ಕ ಬ್ಲಾಕ್ ಆರಿಸಿ ಉಳಿಕೆ ತಗ್ಗಿಸುವ ಹಳೆಯ ಉಪಾಯಕ್ಕೆ ಅರ್ಥವಿಲ್ಲ. ಎಸ್‌ಎಸ್‌ಡಿಗಳು ಸವೆತ ಹಂಚಲು ಒಂದಿಷ್ಟು ಸ್ಥಳವನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅದು ಲೇಬಲ್ ಸಾಮರ್ಥ್ಯದಲ್ಲಿ ಸೇರಿರುವುದಿಲ್ಲ. ರೆಡ್ ಹ್ಯಾಟ್ ತನ್ನ ಉದ್ಯಮ ಲಿನಕ್ಸ್‌ಗೆ 2014ರಿಂದ ಎಕ್ಸ್‌ಎಫ್‌ಎಸ್ ಅನ್ನು, ಫೆಡೋರಾ ತನ್ನ ಡೆಸ್ಕ್‌ಟಾಪ್‌ಗೆ 2020ರಿಂದ ಬಿಟಿಆರ್‌ಎಫ್‌ಎಸ್ ಅನ್ನು ಮೂಲ ಆಯ್ಕೆಯಾಗಿ ಮಾಡಿಕೊಂಡಿವೆ. ಎರಡರಲ್ಲೂ ಇನೋಡ್‌ಗಳು ಅಗತ್ಯಕ್ಕೆ ತಕ್ಕಂತೆ ಹುಟ್ಟುವುದರಿಂದ ಮೇಲೆ ಹೇಳಿದ ಇನೋಡ್ ಕೊರತೆ ಸಾಮಾನ್ಯವಾಗಿ ಎದುರಾಗದು. ಎಕ್ಸ್‌ಟಿ4 ಇನ್ನೂ ವ್ಯಾಪಕ ಬಳಕೆಯಲ್ಲಿದೆ. ಅದರಲ್ಲಿ ಮೀಸಲಿನ ಪ್ರಮಾಣವನ್ನು ಡೇಟಾ ತುಂಬಿದ ಮೇಲೂ ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಬದಲಿಸಬಹುದು. ಬ್ಲಾಕಿನ ಗಾತ್ರ ಮತ್ತು ಇನೋಡ್ ಅನುಪಾತವನ್ನು ಬದಲಿಸಲು ವಾಲ್ಯೂಮನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಆದ್ದರಿಂದ ಎಷ್ಟು ಫೈಲು, ಸರಾಸರಿ ಎಷ್ಟು ಗಾತ್ರ ಎಂಬ ಎರಡು ಅಂಕಿಗಳು ಖರೀದಿ ಆದೇಶಕ್ಕೂ ಮುಂಚೆ ಕೈಯಲ್ಲಿರಬೇಕು.